ಘಾಟಿಯ ರಸ್ತೆಯಲ್ಲಿ ಅಡಾಸ್: ಹದಿನಾಲ್ಕು ತಿಂಗಳ ಬಳಕೆಯ ನಂತರ

ನಮ್ಮದು ಸುಂಟಿಕೊಪ್ಪದಿಂದ ಮಾದಾಪುರದ ಕಡೆಗೆ ಹೋಗುವ ದಾರಿಯಲ್ಲಿ ಒಂದು ಸಣ್ಣ ಕಾಫಿ ತೋಟ. ಮಾವನವರ ಕಾಲದ ಜೀಪು ತೋಟದೊಳಗಿನ ಕೆಲಸಕ್ಕೆ ಈಗಲೂ ಸಾಕು. ಆದರೆ ತಿಂಗಳಿಗೆ ಎರಡು ಮೂರು ಬಾರಿ ಮೈಸೂರಿಗೆ, ಒಮ್ಮೆಯಾದರೂ ಬೆಂಗಳೂರಿಗೆ ನಾನೇ ಓಡಿಸಿಕೊಂಡು ಹೋಗಬೇಕಾಗಿ ಬಂದಾಗ, ಹದಿನಾಲ್ಕು ತಿಂಗಳ ಹಿಂದೆ, ಎರಡನೇ ಹಂತದ ಅಡಾಸ್ (ಕ್ಯಾಮೆರಾ, ರೇಡಾರ್‌ಗಳ ನೆರವಿನಿಂದ ಚಾಲಕರಿಗೆ ಸಹಾಯ ಮಾಡುವ ವ್ಯವಸ್ಥೆ) ಇರುವ ಆಟೋಮ್ಯಾಟಿಕ್ ಡೀಸೆಲ್ ಎಸ್‌ಯುವಿಯೊಂದನ್ನು ಕೊಂಡೆವು. ಇದುವರೆಗೆ 19,000 ಕಿಲೋಮೀಟರ್ ದಾಟಿದೆ. ಎಂಜಿನ್, ಮೈಲೇಜ್, ಸೀಟುಗಳ ಬಗ್ಗೆ ಬರೆದವರು ಬೇಕಾದಷ್ಟು ಮಂದಿ ಇದ್ದಾರೆ. ನಾನು ಅಡಾಸ್ ಬಗ್ಗೆ ಮಾತ್ರ, ಅದರಲ್ಲೂ ನಮ್ಮ ಕೊಡಗಿನ ರಸ್ತೆಗಳಲ್ಲಿ ಅದು ಹೇಗೆ ನಡೆದುಕೊಳ್ಳುತ್ತದೆ ಎಂಬುದರ ಬಗ್ಗೆ ಬರೆಯುತ್ತೇನೆ. ಕಾರಿನ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. 2021ರಿಂದೀಚೆಗೆ ನಮ್ಮ ದೇಶದ ಮಧ್ಯಮ ಬೆಲೆಯ ಕಾರುಗಳಲ್ಲೂ ಕಾಣಿಸಿಕೊಂಡಿರುವ ಈ ವ್ಯವಸ್ಥೆ ಬಹುತೇಕ ಎಲ್ಲ ಕಂಪನಿಗಳಲ್ಲೂ ಒಂದೇ ತತ್ವದ ಮೇಲೆ ಕೆಲಸ ಮಾಡುತ್ತದೆ. ಆದ್ದರಿಂದ ಇಲ್ಲಿ ಹೇಳುವುದು ಒಂದು ಕಂಪನಿಗೆ ಮಾತ್ರ ಸಲ್ಲುವ ಮಾತಲ್ಲ.

ಒಳಗೆ ನೋಡುವ ಕನ್ನಡಿಯ ಹಿಂದೆ, ಮುಂದಿನ ಗಾಜಿಗೆ ಅಂಟಿಕೊಂಡಂತೆ ಒಂದು ಕ್ಯಾಮೆರಾ ಇದೆ. ಮುಂದಿನ ಬಂಪರಿನೊಳಗೆ ಒಂದು ರೇಡಾರ್ ಇದೆ. ಕ್ಯಾಮೆರಾ ರಸ್ತೆಯ ಬಿಳಿ ಗೆರೆಗಳನ್ನೂ ವಾಹನ, ಮನುಷ್ಯರ ಆಕಾರಗಳನ್ನೂ ಗುರುತಿಸಿದರೆ, ರೇಡಾರ್ ಮುಂದಿನ ವಾಹನದ ದೂರವನ್ನೂ ಅದು ಹತ್ತಿರವಾಗುತ್ತಿರುವ ವೇಗವನ್ನೂ ಅಳೆಯುತ್ತದೆ. ಇವೆರಡರ ಆಧಾರದ ಮೇಲೆ ಕಾರು ಅಂತರ ಕಾಯ್ದುಕೊಂಡು ಓಡುತ್ತದೆ, ಗೆರೆಯ ನಡುವೆ ಉಳಿಯಲು ಸ್ಟಿಯರಿಂಗ್ ತಿರುಗಿಸುತ್ತದೆ, ಡಿಕ್ಕಿ ಸಂಭವಿಸುವಂತಿದ್ದರೆ ತಾನಾಗಿಯೇ ಬ್ರೇಕ್ ಹಾಕುತ್ತದೆ. ಅಮೆರಿಕದ ವಾಹನ ಎಂಜಿನಿಯರುಗಳ ಸಂಸ್ಥೆಯಾದ ಎಸ್‌ಎಇ 2014ರಲ್ಲಿ ಪ್ರಕಟಿಸಿದ, ಆಮೇಲೆ ಹಲವು ಬಾರಿ ಪರಿಷ್ಕರಿಸಿದ ವರ್ಗೀಕರಣದಲ್ಲಿ ಸೊನ್ನೆಯಿಂದ ಐದರವರೆಗೆ ಹಂತಗಳಿವೆ. ಎರಡನೇ ಹಂತವೆಂದರೆ ಸ್ಟಿಯರಿಂಗ್ ಮತ್ತು ವೇಗ ಎರಡನ್ನೂ ಕಾರು ಒಟ್ಟಿಗೆ ನೋಡಿಕೊಳ್ಳಬಲ್ಲದು, ಆದರೆ ರಸ್ತೆಯನ್ನು ಗಮನಿಸುವ ಕೆಲಸ ಪ್ರತಿ ಕ್ಷಣವೂ ಚಾಲಕನದೇ ಎಂದು ಅರ್ಥ. ಆ ಕೆಲಸ ಕಾರಿಗೆ ವರ್ಗಾವಣೆಯಾಗುವುದು ಮೂರನೇ ಹಂತದಿಂದ. ಅದೂ ಎಷ್ಟು ಕಟ್ಟುಪಾಡಿನಲ್ಲಿ ಎಂದರೆ, ಜರ್ಮನಿಯಲ್ಲಿ 2021ರ ಡಿಸೆಂಬರಿನಲ್ಲಿ ಮರ್ಸಿಡಿಸ್‌ಗೆ ಅನುಮತಿ ಸಿಕ್ಕಾಗ ಗಂಟೆಗೆ 60 ಕಿ.ಮೀ. ವೇಗದೊಳಗೆ, ನಿಗದಿತ ಹೆದ್ದಾರಿಗಳಲ್ಲಿ ಮಾತ್ರ ಎಂಬ ಷರತ್ತಿತ್ತು. ನಾವು ಕೊಳ್ಳುತ್ತಿರುವ ಕಾರುಗಳು ಅಲ್ಲಿಗೆ ತಲುಪಿಲ್ಲ.

ಮೊದಲು ಒಳ್ಳೆಯದನ್ನು ಹೇಳುತ್ತೇನೆ. ಮೈಸೂರು–ಬೆಂಗಳೂರು ಹೆದ್ದಾರಿಯಲ್ಲಿ ಈ ವ್ಯವಸ್ಥೆ ನಿಜಕ್ಕೂ ಉಪಯುಕ್ತ. 2023ರ ಆಗಸ್ಟ್ 1ರಿಂದ ಆ ರಸ್ತೆಯ ಮುಖ್ಯ ಪಥದಲ್ಲಿ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ಪ್ರವೇಶವಿಲ್ಲ. ಗೆರೆಗಳು ಸ್ಪಷ್ಟವಾಗಿವೆ, ಎದುರಿನಿಂದ ವಾಹನ ಬರುವುದಿಲ್ಲ, ತಿರುವುಗಳು ನಿಧಾನವಾಗಿ ಬಾಗುತ್ತವೆ. ವೇಗವನ್ನು 90ಕ್ಕೆ ನಿಗದಿಪಡಿಸಿ ಅಂತರವನ್ನು ಅತಿ ಹೆಚ್ಚಿನದಕ್ಕೆ ಇಟ್ಟರೆ ಮಂಡ್ಯ, ಮದ್ದೂರು ದಾಟುವಾಗ ಬಲಗಾಲಿನ ದಣಿವು ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಬೆಂಗಳೂರಿನಿಂದ ಸಂಜೆ ಹೊರಟು ರಾತ್ರಿ ತೋಟ ತಲುಪಿದ ದಿನಗಳಲ್ಲಿ, ಕೊನೆಯ ಐವತ್ತು ಕಿಲೋಮೀಟರ್ ಓಡಿಸಲು ಬೇಕಾದ ಕಸುವು ನನ್ನಲ್ಲಿ ಉಳಿದಿರುವುದಕ್ಕೆ ಇದೇ ಕಾರಣವೆಂದು ನಾನು ನಂಬಿದ್ದೇನೆ. ಮುಂದಿನ ಕಾರು ಥಟ್ಟನೆ ನಿಧಾನಿಸಿದಾಗ ಇದು ನನಗಿಂತ ಮೊದಲು ಬ್ರೇಕ್ ಒತ್ತಿದ್ದೂ ಉಂಟು.

ಕೊಡಗಿನ ಗಡಿಯೊಳಗೆ ಬಂದ ಮೇಲೆ ಕಥೆ ಬೇರೆ. ಕುಶಾಲನಗರ ದಾಟಿ ಆನೆಕಾಡಿನ ನೆರಳಿಗೆ ಬರುತ್ತಿದ್ದಂತೆ ರಸ್ತೆ ಎರಡೇ ಪಥಕ್ಕೆ ಇಳಿಯುತ್ತದೆ, ಅಂಚಿನ ಗೆರೆಯನ್ನು ಅಲ್ಲಲ್ಲಿ ಮಣ್ಣು ಮುಚ್ಚಿರುತ್ತದೆ, ಮರಗಳ ನಡುವಿನಿಂದ ಬೀಳುವ ಬಿಸಿಲು ಡಾಂಬರಿನ ಮೇಲೆ ಹಾಸಿದ ಪಟ್ಟೆಗಳಲ್ಲಿ ಗೆರೆ ಯಾವುದು ಬೆಳಕು ಯಾವುದು ಎಂದು ಕ್ಯಾಮೆರಾಕ್ಕೆ ತಿಳಿಯುವುದಿಲ್ಲ. ನನಗೆ ಮರೆಯಲಾಗದ ಪಾಠ ಕಲಿಸಿದ್ದು ಇದೇ ತುಂಡು ರಸ್ತೆ.

ಕಳೆದ ಡಿಸೆಂಬರಿನಲ್ಲಿ, ಕಾಫಿ ಕೊಯ್ಲು ನಡೆಯುತ್ತಿದ್ದ ಒಂದು ಸಂಜೆ ಐದೂವರೆಯ ಹೊತ್ತಿಗೆ, ಮೈಸೂರಿನಿಂದ ಹಿಂತಿರುಗುತ್ತಿದ್ದೆ. ಹುಣಸೂರಿನಿಂದೀಚೆಗೆ, ಅಂತರ ಕಾಯ್ದುಕೊಂಡು ನಿಗದಿತ ವೇಗದಲ್ಲಿ ಓಡಿಸುವ ಕ್ರೂಸ್ ಕಂಟ್ರೋಲ್ ಹಾಕಿಕೊಂಡು ಬಂದವಳು ಅದನ್ನು ತೆಗೆಯದೆ, ವೇಗವನ್ನು 60ಕ್ಕೆ ಇಳಿಸಿ ಹಾಗೆಯೇ ಮುಂದುವರಿದಿದ್ದೆ. ಮುಂದೆ ಕೊಯ್ಲಿನ ಹೆಂಗಸರನ್ನು ಲೈನ್ ಮನೆಗಳಿಗೆ ಮರಳಿ ಒಯ್ಯುತ್ತಿದ್ದ ಒಂದು ಪಿಕಪ್, ಸುಮಾರು 35ರ ವೇಗದಲ್ಲಿ ಹೋಗುತ್ತಿತ್ತು. ನನ್ನ ಕಾರು ಅದನ್ನು ಗುರುತಿಸಿ ತಾನೂ 35ಕ್ಕೆ ಇಳಿದು ಅಂತರ ಬಿಟ್ಟುಕೊಂಡು ಹಿಂಬಾಲಿಸುತ್ತಿತ್ತು. ಮೀಟರಿನ ಪರದೆಯ ಮೇಲೆ ಪುಟ್ಟ ವಾಹನದ ಚಿತ್ರವೊಂದು ಕಾಣುತ್ತಿತ್ತು. ಎಡಕ್ಕೆ ಬಿಗಿಯಾದ ತಿರುವು ಬಂತು. ಪಿಕಪ್ ತಿರುವಿನೊಳಗೆ ಹೋಯಿತು, ಪರದೆಯ ಮೇಲಿನ ಚಿತ್ರ ಮಾಯವಾಯಿತು, ಎಂಜಿನ್ನಿನ ಸದ್ದು ಏರಿತು, ಕಾರು ಮುಂದಕ್ಕೆ ನುಗ್ಗಿತು. ಪಿಕಪ್ಪಿನ ಹಿಂಬದಿಯಲ್ಲಿ ಚೀಲಗಳ ಮೇಲೆ ಕುಳಿತಿದ್ದ ಹೆಂಗಸೊಬ್ಬಳು ಕೈ ಎತ್ತಿದ್ದು, ಆಕೆಯ ತಲೆಗೆ ಕಟ್ಟಿದ್ದ ಹಸಿರು ಬಟ್ಟೆ, ಇವೆರಡೂ ಈಗಲೂ ಕಣ್ಣ ಮುಂದಿವೆ. ನಾನು ಬ್ರೇಕನ್ನು ಪೂರ್ತಿ ತುಳಿದೆ. ಕಾರಿನ ಎಚ್ಚರಿಕೆಯ ಸದ್ದು ಕೇಳಿಸಿದ್ದು ನನ್ನ ಕಾಲು ಬ್ರೇಕಿನ ಮೇಲೆ ಇಳಿದ ನಂತರ. ಯಾರಿಗೂ ಏನೂ ಆಗಲಿಲ್ಲ. ಮನೆಗೆ ಬಂದು ಕಾಫಿ ಲೋಟ ಹಿಡಿದಾಗಲೂ ಕೈ ನಡುಗುತ್ತಿತ್ತು.

ಇದು ಕಾರು ಕೆಟ್ಟಿದ್ದರಿಂದ ಆದದ್ದಲ್ಲ, ಎಂಬುದನ್ನು ಓದುಗರು ಗಮನಿಸಬೇಕು. ರೇಡಾರಿನ ನೋಟ ಟಾರ್ಚ್ ಬೆಳಕಿನ ಹಾಗೆ ನೆಟ್ಟಗೆ ಮುಂದಕ್ಕೆ ಬೀಳುತ್ತದೆ. ಬಿಗಿಯಾದ ತಿರುವಿನಲ್ಲಿ ಮುಂದಿನ ವಾಹನ ಆ ನೋಟದಿಂದ ಪಕ್ಕಕ್ಕೆ ಸರಿದರೆ, ಮುಂದೆ ದಾರಿ ಖಾಲಿಯಿದೆ ಎಂದು ವ್ಯವಸ್ಥೆ ತಿಳಿಯುತ್ತದೆ, ನಾವು ನಿಗದಿಪಡಿಸಿದ ವೇಗಕ್ಕೆ ಮರಳಲು ಆಕ್ಸಿಲರೇಟರ್ ಕೊಡುತ್ತದೆ. ವಿನ್ಯಾಸಕ್ಕೆ ತಕ್ಕಂತೆಯೇ ಅದು ನಡೆದುಕೊಂಡಿತು. ತಿರುವುಗಳಲ್ಲಿ, ಘಾಟಿಗಳಲ್ಲಿ ಬಳಸಬಾರದೆಂದು ಕೈಪಿಡಿಯಲ್ಲಿ ಬರೆದಿದೆ, ನಾನು ಆ ಪುಟವನ್ನು ಓದಿದ್ದು ಆ ಸಂಜೆಯ ನಂತರ. ತಪ್ಪು ನನ್ನದು. ಪಿಕಪ್ಪಿಗೆ ಗುದ್ದಿದ್ದರೆ ಅದಕ್ಕೆ ಉತ್ತರ ಕೊಡಬೇಕಾದವಳೂ ನಾನೇ.

ಇನ್ನೊಂದು ತೊಂದರೆ ಸ್ಟಿಯರಿಂಗಿನದು. ನಮ್ಮ ಕಾರಿನಲ್ಲಿ ಲೇನ್ ಕಾಯುವ ಸೌಲಭ್ಯ ಗಂಟೆಗೆ 60 ಕಿ.ಮೀ. ದಾಟಿದ ಮೇಲೆ ಜಾಗೃತವಾಗುತ್ತದೆ. ಘಾಟಿಯ ತಿರುವುಗಳಲ್ಲಿ ಆ ವೇಗ ಯಾರಿಗೂ ಬರಬಾರದು, ಆದ್ದರಿಂದ ಅಲ್ಲಿ ಅದು ಮಲಗಿರುತ್ತದೆ. ಎಡವಟ್ಟಾಗುವುದು ಪಿರಿಯಾಪಟ್ಟಣದ ಆಚೀಚಿನ ನೇರ ರಸ್ತೆಗಳಲ್ಲಿ. ಎದುರಿನಿಂದ ಸಾರಿಗೆ ಬಸ್ಸು ಮತ್ತೊಂದು ವಾಹನವನ್ನು ಹಿಂದಿಕ್ಕಿ ಬರುತ್ತಿದ್ದಾಗ ನಾವು ಮಾಡುವುದೇನು? ಎಡಕ್ಕೆ ಒತ್ತಿ, ಚಕ್ರವನ್ನು ಗೆರೆಯ ಆಚೆ ಇಳಿಸಿ ಜಾಗ ಬಿಡುತ್ತೇವೆ. ಚಿಕ್ಕಂದಿನಿಂದ ಹಿರಿಯರು ಓಡಿಸುವುದನ್ನು ನೋಡಿ ಕಲಿತ ಅಭ್ಯಾಸವದು. ಕಾರಿಗೆ ಅದು ಗೆರೆ ತಪ್ಪಿದ ಹಾಗೆ ತೋರುತ್ತದೆ. ಅದು ಸ್ಟಿಯರಿಂಗನ್ನು ಬಲಕ್ಕೆ, ಅಂದರೆ ಬಸ್ಸಿನ ಕಡೆಗೇ ಎಳೆಯುತ್ತದೆ. ಎಳೆತ ಮೆದುವಾದದ್ದು, ಗಟ್ಟಿಯಾಗಿ ಹಿಡಿದವರ ಕೈಯನ್ನು ಮೀರುವುದಿಲ್ಲ. ಒಂದೇ ಕೈಯಲ್ಲಿ ಸಡಿಲವಾಗಿ ಹಿಡಿದು ಓಡಿಸುವವರಿಗೆ ಆ ಅರೆಕ್ಷಣದ ಎಳೆತ ಸಾಕು. ಇಂಡಿಕೇಟರ್ ಹಾಕಿದರೆ ಕಾರು ಸುಮ್ಮನಾಗುತ್ತದೆ ನಿಜ, ಗುಂಡಿ ತಪ್ಪಿಸುವಾಗ ಯಾರು ಇಂಡಿಕೇಟರ್ ಹಾಕುತ್ತಾರೆ? ಬೆಂಗಳೂರು ಹೆದ್ದಾರಿಯನ್ನು ಬಿಟ್ಟು ಉಳಿದ ಎಲ್ಲ ಕಡೆ ನಾನು ಈ ಸೌಲಭ್ಯವನ್ನು ಆಫ್ ಮಾಡಿಯೇ ಇಡುತ್ತೇನೆ.

ಇವೆಲ್ಲಕ್ಕಿಂತ ನನಗೆ ಹೆಚ್ಚು ಚಿಂತೆ ತಂದಿರುವುದು, ವ್ಯವಸ್ಥೆ ಕೈಬಿಡುವಾಗ ತೋರುವ ಮೌನ. ಗೆರೆ ಕಾಣುತ್ತಿರುವಾಗ ಪರದೆಯ ಮೇಲಿನ ಸ್ಟಿಯರಿಂಗ್ ಚಿಹ್ನೆ ಹಸಿರಾಗಿರುತ್ತದೆ, ಗೆರೆ ಕಾಣದಾದಾಗ ಅದೇ ಚಿಹ್ನೆ ಬೂದುಬಣ್ಣಕ್ಕೆ ತಿರುಗುತ್ತದೆ. ಅಷ್ಟೇ. ಹೆಬ್ಬೆರಳಿನ ಉಗುರಿನಷ್ಟು ಚಿತ್ರ, ಹಗಲಿನ ಬಿಸಿಲಿನಲ್ಲಿ ಎರಡೂ ಬಣ್ಣ ಒಂದೇ ತರಹ ಕಾಣುತ್ತವೆ. ಸದ್ದಿಲ್ಲ, ಕಂಪನವಿಲ್ಲ. ಸೀಟ್ ಬೆಲ್ಟ್ ಹಾಕದಿದ್ದರೆ ಕಿವಿ ಚಿಟ್ಟು ಹಿಡಿಯುವಷ್ಟು ಕೂಗುವ ಕಾರು, ಸ್ಟಿಯರಿಂಗ್ ಹಿಡಿದಿದ್ದ ತನ್ನ ಕೈಯನ್ನು ತೆಗೆಯುವಾಗ ಏಕೆ ಒಂದು ಮಾತೂ ಆಡುವುದಿಲ್ಲ ಎಂಬುದು ನನಗೆ ಅರ್ಥವಾಗಿಲ್ಲ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಕಾರು ಒಂದು ಸೆಕೆಂಡಿಗೆ 22 ಮೀಟರ್ ಸಾಗುತ್ತದೆ. ಚಿಹ್ನೆಯ ಬಣ್ಣ ಬದಲಾದದ್ದು ಎರಡು ಸೆಕೆಂಡು ತಡವಾಗಿ ಗಮನಕ್ಕೆ ಬಂದರೆ ನಲವತ್ತು ಮೀಟರಿಗೂ ಹೆಚ್ಚು ದೂರ ಕಾರನ್ನು ಯಾರೂ ಓಡಿಸಿಲ್ಲ ಎಂದಾಯಿತು.

ಮಳೆಗಾಲದ ಬಗ್ಗೆ ಹೆಚ್ಚು ಬರೆಯಬೇಕಾಗಿಲ್ಲ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಕೆದಕಲ್, ಬೋಯಿಕೇರಿಯ ಮಂಜಿನಲ್ಲೂ ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ಘಾಟಿಯಲ್ಲೂ ಸೆನ್ಸರ್ ಮುಚ್ಚಿದೆ ಎಂಬ ಸೂಚನೆ ಪರದೆಯ ಮೇಲೆ ಪದೇ ಪದೇ ಬರುತ್ತದೆ. ಬಂಪರಿಗೆ ಮೆತ್ತಿದ ಕೆಸರನ್ನು ಒರೆಸಿದರೆ ಹತ್ತು ನಿಮಿಷ ಸರಿಯಿರುತ್ತದೆ, ಮತ್ತೆ ಅದೇ. 2018ರ ಆಗಸ್ಟಿನಲ್ಲಿ ಮದೆನಾಡು, ಜೋಡುಪಾಲದ ಬಳಿ ಗುಡ್ಡದ ಬರೆ ಕುಸಿದು ಹೆದ್ದಾರಿಯೇ ಮುಚ್ಚಿಹೋದದ್ದನ್ನು ಕಂಡ ನಮಗೆ, ಆ ದಾರಿಯಲ್ಲಿ ಕಣ್ಣು ರಸ್ತೆಯ ಮೇಲೆ ಮಾತ್ರವಲ್ಲ, ಪಕ್ಕದ ಬರೆಯ ಮೇಲೂ ಇರಬೇಕೆಂದು ಗೊತ್ತಿದೆ. ಮೇಲಿನಿಂದ ಕೆಂಪು ನೀರು ಹರಿಯತೊಡಗಿದರೆ ಅದರ ಅರ್ಥ ಏನೆಂದು ಯಾವ ಕ್ಯಾಮೆರಾಕ್ಕೂ ಯಾರೂ ಕಲಿಸಿಲ್ಲ.

ಇಷ್ಟೆಲ್ಲ ತಿಳಿಸಬೇಕಾಗಿದ್ದವರು ಮಾರಿದವರು. ನಾವು ಕಾರು ಕೊಂಡ ಷೋರೂಮಿನಲ್ಲಿ, ಟೆಸ್ಟ್ ಡ್ರೈವಿನ ದಿನ, ಜೊತೆಗೆ ಬಂದಿದ್ದ ಯುವಕ ವರ್ತುಲ ರಸ್ತೆಯ ಮೇಲೆ ಎರಡೂ ಕೈಗಳನ್ನು ಸ್ಟಿಯರಿಂಗಿನಿಂದ ತೆಗೆದು ತೊಡೆಯ ಮೇಲೆ ಇಟ್ಟುಕೊಂಡು, "ನೋಡಿ ಮೇಡಂ, ಇನ್ನು ಇದೇ ಓಡಿಸುತ್ತೆ, ನೀವು ಆರಾಮಾಗಿ ಕೂತ್ಕೊಳ್ಳಿ" ಎಂದಿದ್ದ. ಕೆಲವು ಸೆಕೆಂಡುಗಳ ನಂತರ ಕಾರು ಬೀಪ್ ಎಂದಾಗ ಒಂದು ಬೆರಳಿನಿಂದ ಸ್ಟಿಯರಿಂಗನ್ನು ಸ್ವಲ್ಪ ಅಲುಗಿಸಿ ಅದನ್ನು ಸುಮ್ಮನಾಗಿಸುವುದು ಹೇಗೆಂದೂ ತೋರಿಸಿಕೊಟ್ಟ. ಆ ಹುಡುಗನನ್ನು ನಾನು ದೂರುವುದಿಲ್ಲ, ಅವನಿಗೆ ಕಲಿಸಿದ್ದು ಅಷ್ಟೇ. ಆದರೆ ಲಕ್ಷಾಂತರ ರೂಪಾಯಿ ಕೊಟ್ಟು ಕೊಳ್ಳುವವರಿಗೆ, ಎಚ್ಚರಿಸಲೆಂದೇ ಇಟ್ಟಿರುವ ಸದ್ದನ್ನು ವಂಚಿಸುವ ಉಪಾಯವನ್ನು ಮೊದಲ ದಿನವೇ ಕಲಿಸಿ ಕಳಿಸುವುದು ಅಪಾಯಕಾರಿ ಕೆಲಸವೆಂದು ಹೇಳದೆ ಇರಲಾರೆ. ಕೀಲಿ ಕೈಗೆ ಕೊಟ್ಟ ದಿನ ಪೂಜೆ, ಕೇಕು, ಫೋಟೋಗಳಿಗೆ ಮುಕ್ಕಾಲು ಗಂಟೆ ಹೋಯಿತು. ಅಡಾಸ್ ವಿವರಣೆಗೆ ಐದು ನಿಮಿಷ ಸಿಕ್ಕಿತು. ಮುನ್ನೂರಕ್ಕೂ ಹೆಚ್ಚು ಪುಟಗಳ ಕೈಪಿಡಿ ಇಂಗ್ಲಿಷಿನಲ್ಲಿ ಮಾತ್ರ ಇದೆ. ನಮ್ಮ ಜಿಲ್ಲೆಯಲ್ಲಿ ತೋಟದ ಮನೆಗಳ ಕಾರುಗಳನ್ನೂ ಹೋಂಸ್ಟೇಗಳ ಕಾರುಗಳನ್ನೂ ಹೆಚ್ಚಾಗಿ ಓಡಿಸುವವರು ಸಂಬಳದ ಚಾಲಕರು. ಕನ್ನಡ ಚೆನ್ನಾಗಿ ಓದಬಲ್ಲ ಅವರ ಕೈಗೆ ಕನ್ನಡದ ಒಂದು ಹಾಳೆಯನ್ನೂ ಕೊಡದೆ ಇಂಥ ಯಂತ್ರವನ್ನು ಒಪ್ಪಿಸುತ್ತಿದ್ದೇವೆ.

ಕಾರಿನ ಸ್ಟಾರ್ ರೇಟಿಂಗ್ ನೋಡಿ ನೆಮ್ಮದಿಪಡುವವರಿಗೂ ಒಂದು ಮಾತು. 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ, ಕಾರುಗಳನ್ನು ಡಿಕ್ಕಿ ಹೊಡೆಸಿ ಪರೀಕ್ಷಿಸಿ ನಕ್ಷತ್ರ ಕೊಡುವ ಭಾರತ್ ಎನ್‌ಸಿಎಪಿ ಯೋಜನೆಯ ಮೊದಲ ನಿಯಮಾವಳಿಯಲ್ಲಿ ಅಂಕ ಕೊಡುವುದು ಡಿಕ್ಕಿಯಾದಾಗ ಒಳಗಿರುವ ದೊಡ್ಡವರಿಗೂ ಮಕ್ಕಳಿಗೂ ಸಿಗುವ ರಕ್ಷಣೆಯನ್ನು ಮುಖ್ಯವಾಗಿ ನೋಡಿ. ಐದು ನಕ್ಷತ್ರ ಸಿಕ್ಕಿದೆ ಎಂದರೆ ಅದರ ಲೇನ್ ಕಾಯುವ ಸೌಲಭ್ಯ ನಮ್ಮ ರಸ್ತೆಯಲ್ಲಿ ಪರೀಕ್ಷೆಗೆ ಒಳಗಾಗಿದೆ ಎಂದು ಅರ್ಥವಲ್ಲ.

ಹಾಗಾದರೆ ಅವಘಡವಾದಾಗ ಹೊಣೆ ಯಾರದು? ನಮ್ಮ ಕಾನೂನಿನಲ್ಲಿ ಸದ್ಯಕ್ಕೆ ಇದಕ್ಕೆ ಎರಡು ಉತ್ತರವಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನ ಪ್ರಕಾರ ನಿರ್ಲಕ್ಷ್ಯದಿಂದ ಸಾವಿಗೆ ಕಾರಣರಾದವರಿಗೆ ಐದು ವರ್ಷದವರೆಗೆ ಜೈಲು ಶಿಕ್ಷೆಯಾಗಬಹುದು. ಹಳೆಯ ದಂಡ ಸಂಹಿತೆಯಲ್ಲಿ ಅದು ಎರಡು ವರ್ಷವಿತ್ತು. ಸ್ಟಿಯರಿಂಗಿನ ಮುಂದೆ ಕುಳಿತವರು "ಕಾರೇ ಓಡಿಸುತ್ತಿತ್ತು" ಎಂದು ಹೇಳಿ ಪಾರಾಗುವಂಥ ವಿನಾಯಿತಿ ಅದರಲ್ಲಿಲ್ಲ.

ಹೊರದೇಶಗಳಲ್ಲಿ ಈ ಪ್ರಶ್ನೆ ನ್ಯಾಯಾಲಯದವರೆಗೆ ಹೋಗಿದೆ. 2019ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ, ಆಟೋಪೈಲಟ್ ಎಂಬ ಚಾಲಕ ಸಹಾಯ ವ್ಯವಸ್ಥೆ ಹಾಕಿಕೊಂಡಿದ್ದ ಟೆಸ್ಲಾ ಕಾರಿನ ಚಾಲಕ ಕೆಳಗೆ ಬಿದ್ದ ಫೋನನ್ನು ಎತ್ತಿಕೊಳ್ಳಲು ಬಾಗಿದಾಗ, ಕಾರು ರಸ್ತೆ ಮುಗಿಯುವ ಕಡೆ ನಿಲ್ಲದೆ ಹೋಗಿ, ನಿಂತಿದ್ದ ವಾಹನಕ್ಕೆ ಅಪ್ಪಳಿಸಿ, ಪಕ್ಕದಲ್ಲಿದ್ದ ಯುವತಿಯೊಬ್ಬಳು ಸತ್ತಳು, ಆಕೆಯ ಜೊತೆಗಾರನಿಗೆ ತೀವ್ರ ಗಾಯವಾಯಿತು. 2025ರ ಆಗಸ್ಟಿನಲ್ಲಿ ತೀರ್ಪು ಕೊಟ್ಟ ಜ್ಯೂರಿ, ಹೊಣೆಯ ಶೇ. 67ರಷ್ಟನ್ನು ಚಾಲಕನ ಮೇಲೂ ಶೇ. 33ರಷ್ಟನ್ನು ಕಂಪನಿಯ ಮೇಲೂ ಹಾಕಿತು. ಕಂಪನಿ ಕೊಡಬೇಕೆಂದ ಪರಿಹಾರ ಸುಮಾರು 24 ಕೋಟಿ ಡಾಲರ್. ಅದಕ್ಕೆ ಮೊದಲು, 2023ರ ಡಿಸೆಂಬರಿನಲ್ಲಿ, ಚಾಲಕನ ಗಮನವನ್ನು ಹಿಡಿದಿಡುವ ಏರ್ಪಾಡು ಸಾಲದೆಂಬ ಕಾರಣಕ್ಕೆ ಅಲ್ಲಿ ಅದೇ ಕಂಪನಿಯ 20 ಲಕ್ಷಕ್ಕೂ ಹೆಚ್ಚು ಕಾರುಗಳ ಸಾಫ್ಟ್‌ವೇರ್ ಬದಲಿಸಬೇಕಾಯಿತು. ಆ ತೀರ್ಪಿನಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಹಣದ ಮೊತ್ತವಲ್ಲ, ಪಾಲು ಹಂಚಿದ ರೀತಿ. ಕಂಪನಿ ತಪ್ಪಿಸಿಕೊಳ್ಳಲಿಲ್ಲ. ಆದರೂ ದೊಡ್ಡ ಪಾಲು ಬಿದ್ದದ್ದು ಫೋನಿಗಾಗಿ ಬಾಗಿದವನ ಮೇಲೆ. ಎರಡೂ ನ್ಯಾಯವೆಂದೇ ನನ್ನ ಅಭಿಪ್ರಾಯ.

ಇಷ್ಟು ದೋಷ ಹೇಳಿದ ಮೇಲೂ, ಮತ್ತೊಮ್ಮೆ ಕಾರು ಕೊಳ್ಳುವುದಾದರೆ ಅಡಾಸ್ ಇರುವುದನ್ನೇ ಕೊಳ್ಳುತ್ತೇನೆ. ಅದಕ್ಕೆ ಕಾರಣ ಒಂದೇ ಸೌಲಭ್ಯ: ತುರ್ತು ಬ್ರೇಕ್. ಫೆಬ್ರವರಿಯಲ್ಲಿ ಹುಣಸೂರಿನ ಮಾರುಕಟ್ಟೆಯ ಬಳಿ, ನಿಂತ ಲಾರಿಯ ಮರೆಯಿಂದ ಶಾಲೆಯ ಸಮವಸ್ತ್ರದ ಹುಡುಗನೊಬ್ಬ ಸೈಕಲ್ ತಳ್ಳಿಕೊಂಡು ಅಡ್ಡ ಬಂದ. ವೇಗ ಮೂವತ್ತರ ಒಳಗಿತ್ತು, ಎರಡೂ ಕೈ ಸ್ಟಿಯರಿಂಗಿನ ಮೇಲಿದ್ದವು, ಕಣ್ಣು ಒಂದು ಕ್ಷಣ ಬಲಗಡೆಯ ಕನ್ನಡಿಯಲ್ಲಿತ್ತು. ನನ್ನ ಕಾಲು ಚಲಿಸುವ ಮೊದಲೇ ಕಾರು ಜಗ್ಗಿ ನಿಂತಿತು, ಸೀಟ್ ಬೆಲ್ಟ್ ಎದೆಗೆ ಒತ್ತಿತು. ಹುಡುಗ ಬಾನೆಟ್ಟಿನ ಮೇಲೆ ಅಂಗೈ ಊರಿ ನಿಂತು ನನ್ನನ್ನು ನೋಡಿದ, ಆಮೇಲೆ ಸೈಕಲ್ ತಳ್ಳಿಕೊಂಡು ಹೋದ. ಯುರೋಪಿನ ಒಕ್ಕೂಟದಲ್ಲಿ 2024ರ ಜುಲೈನಿಂದ ಹೊಸದಾಗಿ ಮಾರಾಟವಾಗುವ ಪ್ರತಿ ಕಾರಿನಲ್ಲೂ ತುರ್ತು ಬ್ರೇಕ್ ಕಡ್ಡಾಯ. ನಮ್ಮಲ್ಲಿ ಇದು ಇನ್ನೂ ಹೆಚ್ಚಾಗಿ ದುಬಾರಿ ಮಾದರಿಗಳ ಜೊತೆಗೇ ಸಿಗುವುದು ನನಗೆ ನೋವಿನ ಸಂಗತಿ. ಕಾರು ತಾನೇ ಓಡಬೇಕಾದ ಅಗತ್ಯ ಯಾರಿಗೂ ಇಲ್ಲ. ತಾನೇ ನಿಲ್ಲಬೇಕಾದ ಅಗತ್ಯ ಎಲ್ಲರಿಗೂ ಇದೆ.

ಕೊಳ್ಳುವವರು ತಿಳಿದಿರಬೇಕಾದ ಖರ್ಚಿನ ವಿಷಯ ಒಂದುಂಟು. ರಸ್ತೆ ಕೆಲಸ ನಡೆಯುತ್ತಿದ್ದ ಕಡೆ ಟಿಪ್ಪರಿನಿಂದ ಹಾರಿದ ಜಲ್ಲಿಕಲ್ಲು ನಮ್ಮ ಮುಂದಿನ ಗಾಜನ್ನು ಸೀಳಿತು. ಗಾಜು ಬದಲಿಸಿದರೆ ಕ್ಯಾಮೆರಾವನ್ನು ಮತ್ತೆ ಅಳತೆಗೆ ಕೂರಿಸಬೇಕು, ಅದಿಲ್ಲದಿದ್ದರೆ ಕೂದಲೆಳೆಯಷ್ಟು ಓರೆಯಾದರೂ ದೂರದ ಗೆರೆಯನ್ನು ಅದು ತಪ್ಪಾಗಿ ಓದುತ್ತದೆ. ನಮಗೆ ಆ ಕೆಲಸಕ್ಕೆ ಮೈಸೂರಿಗೆ ಹೋಗಬೇಕಾಯಿತು, ಕಾರು ಎರಡು ದಿನ ಅಲ್ಲೇ ಉಳಿಯಿತು. ಹತ್ತಿರದ ಗ್ಯಾರೇಜಿನಲ್ಲಿ ಅಗ್ಗಕ್ಕೆ ಗಾಜು ಹಾಕಿಸಿ ಸುಮ್ಮನಾಗುವ ಆಸೆ ಬೇಡ.

ಮಾವನವರನ್ನು ಮೈಸೂರಿನ ಆಸ್ಪತ್ರೆಗೆ ಕರೆದೊಯ್ಯುವಾಗ ನಮ್ಮ ಕಾರನ್ನು ಓಡಿಸುವುದು ಊರಿನದೇ ಚಾಲಕ. ಜೀಪು, ಪಿಕಪ್ ಎಲ್ಲ ಓಡಿಸಿ ಇಪ್ಪತ್ತು ವರ್ಷದ ಅನುಭವವಿರುವವರು. ಕಂಪನಿ ಕೊಡದ ಕನ್ನಡದ ಹಾಳೆಯನ್ನು ಅವರಿಗಾಗಿ ನಾನೇ ಬರೆದೆ: ಕುಶಾಲನಗರ ದಾಟಿದ ಮೇಲೆ ಕ್ರೂಸ್ ಹಾಕಬಾರದು, ಚಿಹ್ನೆ ಬೂದಾದರೆ ಸ್ಟಿಯರಿಂಗ್ ಪೂರ್ತಿ ನಿಮ್ಮದು, ತುರ್ತು ಬ್ರೇಕನ್ನು ಎಂದೂ ಆಫ್ ಮಾಡಬಾರದು, ಹೀಗೆ ಆರು ಸಾಲು. ಅಂಗಳದಲ್ಲಿ ನಿಂತಿದ್ದ ಕಾರಿನೊಳಗೆ ಕುಳಿತು ಅವರು ಅದನ್ನು ಎರಡು ಬಾರಿ ಓದಿದರು. ಆಮೇಲೆ ಗಾಜಿನ ಹಿಂದಿನ ಕ್ಯಾಮೆರಾವನ್ನು ನೋಡುತ್ತ, "ಅಕ್ಕ, ರಾತ್ರಿ ಆನೆಕಾಡಲ್ಲಿ ಆನೆ ಅಡ್ಡ ನಿಂತಿದ್ರೆ ಇದಕ್ಕೆ ಗೊತ್ತಾಗುತ್ತಾ?" ಎಂದು ಕೇಳಿದರು. ಪ್ರಾಣಿಗಳನ್ನು ಗುರುತಿಸದೆ ಇರಬಹುದು ಎಂದು ಕೈಪಿಡಿಯಲ್ಲಿರುವುದನ್ನು ಹೇಳಿದೆ. "ಅದನ್ನೂ ಬರೀರಿ" ಎಂದು ಹಾಳೆಯನ್ನು ನನ್ನ ಕೈಗೆ ಕೊಟ್ಟರು. ಬಾನೆಟ್ಟಿನ ಮೇಲಿಟ್ಟು ಏಳನೆಯ ಸಾಲು ಬರೆದುಕೊಟ್ಟೆ.